ಬಾಡಿಗೆಯ ಮನೆಯ ನೆಲ

ಮನೆ ಹುಡುಕಲು ಹೊರಟವರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಎರಡನೆಯದಾಗಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು. ನೆಲ ಯಾವುದೆಂದು ಕೇಳುವ ವಾಡಿಕೆ ಕಲಬುರಗಿಯಲ್ಲಿ ಇರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಉಳ್ಳವರ ಮನೆಯಾದರೆ ನಯಮಾಡಿದ ಫರಸಿ, ಸಾಮಾನ್ಯರ ಮನೆಯಾದರೆ ಒರಟು ಫರಸಿ, ಅದಕ್ಕೂ ಅನುಕೂಲವಿಲ್ಲದವರಿಗೆ ಸಾರಿಸಿದ ಮಣ್ಣು. ಇಷ್ಟರಲ್ಲಿ ನೆಲದ ಕಥೆ ಮುಗಿಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಯೂ ಹುಟ್ಟಿಕೊಂಡಿದೆ. ಬೆಂಗಳೂರು, ಹೈದರಾಬಾದುಗಳ ಗೃಹನಿರ್ಮಾಣ ಸಂಸ್ಥೆಗಳ ಜಾಹೀರಾತಿನಲ್ಲಿ ಮೊದಲು ಕಾಣಿಸಿಕೊಂಡ ‘ವುಡನ್ ಫ್ಲೋರಿಂಗ್’ ಎಂಬ ಮಾತು ಈಗ ನಮ್ಮ ಊರಿನ ದಲಾಲರ ಬಾಯಿಗೂ ಬಂದಿದೆ. ಬ್ರಹ್ಮಪುರದಂತಹ ಹಳೆಯ ಬಡಾವಣೆಯಲ್ಲಿ ಫ್ಲ್ಯಾಟ್ ತೋರಿಸುವಾಗ ಮಲಗುವ ಕೋಣೆಯ ಬಾಗಿಲು ತೆರೆದು, “ಇಲ್ಲಿ ಮರದ ನೆಲ ಅದರಿ, ಬಾಡಗಿ ಸ್ವಲ್ಪ ಹೆಚ್ಚಾಗ್ತದ” ಎನ್ನುವ ದಿನ ಬಂದಿತೆಂದರೆ, ಆ ಮರವನ್ನೂ ಆ ಹೆಚ್ಚಿನ ಬಾಡಿಗೆಯನ್ನೂ ಸ್ವಲ್ಪ ನಿಂತು ನೋಡುವುದು ಅನುಚಿತವಾಗಲಾರದು.

ಮೊದಲು ಆ ಮರದ ವಿಚಾರ. ಪಶ್ಚಿಮದ ದೇಶಗಳಲ್ಲಿ ‘ಹಾರ್ಡ್‌ವುಡ್’ ಎಂದು ಕರೆಯುವುದು ಓಕ್, ಮೇಪಲ್, ನಮ್ಮ ತೇಗ ಮುಂತಾದ ಅಗಲ ಎಲೆಯ ಮರಗಳ ಕಟ್ಟಿಗೆಯನ್ನು. ಇದು ಸಸ್ಯಶಾಸ್ತ್ರದ ವಿಂಗಡಣೆಯೇ ಹೊರತು ಗಟ್ಟಿತನದ ಅಳತೆಯಲ್ಲ. ಉಗುರಿನಿಂದ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಮರವೂ ಶಾಸ್ತ್ರದ ಪ್ರಕಾರ ಹಾರ್ಡ್‌ವುಡ್ಡೇ ಆಗಿದೆ. ಇರಲಿ. ಅಂತಹ ಮರದ ಇಡಿಯ ಹಲಗೆಗಳನ್ನು ಒಂದರ ನಾಲಗೆ ಇನ್ನೊಂದರ ಗಾಡಿಯಲ್ಲಿ ಕೂಡುವಂತೆ ಜೋಡಿಸಿ, ಉಜ್ಜಿ, ಎಣ್ಣೆಯನ್ನೋ ಮೆರುಗನ್ನೋ ಹಚ್ಚಿದರೆ ಅದು ನಿಜವಾದ ಮರದ ನೆಲ. ಸವೆದಾಗ ಮತ್ತೆ ಉಜ್ಜಿ ಹೊಸದು ಮಾಡಬಹುದು. ಎರಡನೆಯ ತರಗತಿಯದು ಪ್ಲೈವುಡ್ಡಿನ ಮೇಲೆ ನಿಜವಾದ ಮರದ ತೆಳುವಾದ ಪದರನ್ನು ಅಂಟಿಸಿದ್ದು. ಮೂರನೆಯದೇ ಬಾಡಿಗೆಯ ಮನೆಗಳಲ್ಲಿ ಸಾಧಾರಣವಾಗಿ ಸಿಗುವುದು. ಅದರ ಹೆಸರು ಲ್ಯಾಮಿನೇಟ್. ಕಟ್ಟಿಗೆಯ ಪುಡಿಯನ್ನೂ ನಾರನ್ನೂ ಅಂಟಿನೊಡನೆ ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರವನ್ನು ಅಚ್ಚುಹಾಕಿದ ಕಾಗದ. ಅದರ ಮೇಲೆ ಮೆಲಮೈನಿನ ಪಾರದರ್ಶಕ ಹೊದಿಕೆ. 1970ರ ದಶಕದ ಕೊನೆಯಲ್ಲಿ ಸ್ವೀಡನ್ ದೇಶದ ಪರ್ಸ್ಟಾರ್ಪ್ ಎಂಬ ಕಂಪನಿ ಇದನ್ನು ಹೊರತಂದಿತು. ಕಡಿಮೆ ಬೆಲೆಗೆ ಚೆಲುವಾದ ಕೋಣೆ ಬೇಕೆನ್ನುವವರಿಗೆ ಅದು ಉಪಯುಕ್ತ ಪದಾರ್ಥವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮರದ ಭಾವಚಿತ್ರಕ್ಕೆ ಮರದ ಬೆಲೆ ತೆರುವಾಗ ಬಾಡಿಗೆದಾರನಿಗೆ ಅದು ಭಾವಚಿತ್ರವೆಂಬುದು ಗೊತ್ತಿರಬೇಕಷ್ಟೆ. ಗೊತ್ತುಮಾಡಿಕೊಳ್ಳುವುದು ಕಷ್ಟವೂ ಅಲ್ಲ. ಕೋಣೆಯ ಹತ್ತಾರು ಹಲಗೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಅದೇ ಗಂಟು, ಅದೇ ಗೆರೆ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ಕಾಡಿನಲ್ಲಿಯೂ ಎರಡು ಮರಗಳಿಗೆ ಒಂದೇ ಗಂಟು ಇರುವುದಿಲ್ಲ.

ಮರದ ನೆಲಕ್ಕೆ ಪ್ರತಿಷ್ಠೆ ಬಂದ ಬಗೆ ಕುತೂಹಲಕರವಾಗಿದೆ. ಫ್ರಾನ್ಸಿನ ವರ್ಸೈ ಅರಮನೆಯ ಮಹಡಿಗಳಲ್ಲಿ ಮೊದಲು ಇದ್ದುದು ಅಮೃತಶಿಲೆ. ಅದನ್ನು ಮೇಲಿಂದ ಮೇಲೆ ನೀರಿನಿಂದ ತೊಳೆಯಬೇಕಾಗುತ್ತಿತ್ತು. ಆ ನೀರು ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಕಲ್ಲನ್ನು ಕಿತ್ತು ಮರದ ಹಲಗೆಗಳನ್ನು ಚೌಕ ಚೌಕವಾಗಿ ಹೆಣೆದು ಹಾಸಿದರು. ಅರಸನ ಮನೆಯಲ್ಲಿ ಬಂದದ್ದು ಶ್ರೀಮಂತರ ಮನೆಗೆ, ಅಲ್ಲಿಂದ ಮಧ್ಯಮ ವರ್ಗದ ಮನೆಗೆ ಇಳಿಯಿತು. ಅಂದರೆ ಆ ವೈಭವದ ಮೂಲದಲ್ಲಿ ಇದ್ದುದು ತೊಲೆ ಕೊಳೆಯುವ ಭಯ. ಶೀತ ಪ್ರದೇಶದ ಜನರಿಗೆ ಇನ್ನೊಂದು ಅನುಕೂಲವೂ ಆಯಿತು. ಮರಕ್ಕಿಂತ ಸುಣ್ಣದ ಕಲ್ಲು ಸುಮಾರು ಹತ್ತು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಬರಿಗಾಲಿಟ್ಟ ಕೂಡಲೆ ಕಲ್ಲು ಪಾದದ ಬಿಸಿಯನ್ನು ಎಳೆದುಕೊಂಡು ತಣ್ಣಗೆ ತೋರುತ್ತದೆ, ಮರ ಎಳೆದುಕೊಳ್ಳದೆ ಬೆಚ್ಚಗೆ ತೋರುತ್ತದೆ. ಹಿಮ ಬೀಳುವ ಊರಿನಲ್ಲಿ ಇದು ಸುಖ.

ಹಿಮ ಬೀಳದ ಊರಿನಲ್ಲಿ ಇದೇ ಗುಣ ಏನಾಗುತ್ತದೆಂಬುದನ್ನು ಹೇಳಿ ತಿಳಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಮಾನ 42 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳನ್ನು ಮುಚ್ಚಿ, ಫರಸಿಯ ಮೇಲೆ ನೀರು ಚಿಮುಕಿಸಿ ಒರೆಸಿ, ಚಾಪೆಯೂ ಇಲ್ಲದೆ ಬರಿಯ ಕಲ್ಲಿನ ಮೇಲೆ ಬೆನ್ನು ಚೆಲ್ಲಿದಾಗ ಆಗುವ ಹಿತವನ್ನು ಈ ಭಾಗದಲ್ಲಿ ಬೆಳೆದವರೆಲ್ಲ ಬಲ್ಲರು. ಬಿಸಿಲಿಗೆ ಬೆಂದು ಬಂದ ದೇಹದ ಕಾವನ್ನು ಕಲ್ಲು ತಾನು ತೆಗೆದುಕೊಳ್ಳುತ್ತದೆ. ವಿದ್ಯುತ್ ಹೋದಾಗಲೂ ತೆಗೆದುಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಮರವಿರಲಿಲ್ಲವೆಂದಲ್ಲ. ಕಂಬ ಮರದ್ದು, ತೊಲೆ ಮರದ್ದು, ಜಂತಿ ಮರದ್ದು, ಬಾಗಿಲ ಚೌಕಟ್ಟಂತೂ ಮನೆತನದ ಅಭಿಮಾನವೇ ಆಗಿತ್ತು. ಆದರೆ ಮರ ತಲೆಯ ಮೇಲಿತ್ತು, ಕಲ್ಲು ಕಾಲ ಕೆಳಗಿತ್ತು. ಈಗಿನ ಫ್ಲ್ಯಾಟಿನಲ್ಲಿ ತಲೆಯ ಮೇಲೆ ಕಾದ ಕಾಂಕ್ರೀಟು, ಕಾಲ ಕೆಳಗೆ ಮರದ ಬಣ್ಣ. ಎರಡರ ನಡುವೆ ಬಾಡಿಗೆದಾರ, ಮತ್ತು ಅವನ ಕೂಲರು. ಕೂಲರಿನ ಮಾತು ಬಂದುದರಿಂದ ಹೇಳಬೇಕು: ಲ್ಯಾಮಿನೇಟ್ ನೆಲದ ಪರಮ ಶತ್ರು ನೀರು. ಹಲಗೆಯ ಸಂದಿಯಲ್ಲಿ ನೀರು ಇಳಿದು ನಿಂತರೆ ಒಳಗಿನ ಪುಡಿಹಲಗೆ ಉಬ್ಬಿ ಅಂಚುಗಳು ಮೇಲೇಳುತ್ತವೆ, ಮತ್ತೆ ಕೂರುವುದಿಲ್ಲ. ನೀರು ಸುರಿದು ನೆಲ ತೊಳೆಯುವುದು ನಮ್ಮ ಗೃಹಿಣಿಯರ ಹಬ್ಬದ ಹಿಂದಿನ ದಿನದ ಕರ್ತವ್ಯ. ತೊಟ್ಟಿಕ್ಕುವ ಕೂಲರಂತೂ ಮೂರು ತಿಂಗಳ ಕಾಯಂ ಅತಿಥಿ. ಇಂತಹ ಮನೆಯಲ್ಲಿ ಇಂತಹ ನೆಲ ಹಾಸಿ, ಅದು ಉಬ್ಬಿತೆಂದು ಬಾಡಿಗೆದಾರನನ್ನು ದೂರುವುದು, ಬಾವಿಯ ಕಟ್ಟೆಯ ಮೇಲೆ ಬೆಲ್ಲದ ಪೆಂಟೆಯಿಟ್ಟು ಕರಗಿತೆಂದು ಅಳುವುದಕ್ಕೆ ಸಮ.

ಇಷ್ಟಕ್ಕೂ ನಮ್ಮ ಕಾಲ ಕೆಳಗಿನ ಕಲ್ಲು ಸಾಮಾನ್ಯದ್ದೇನಲ್ಲ. ಕಲಬುರಗಿಯಿಂದ ರೈಲಿನಲ್ಲಿ ವಾಡಿಯ ಕಡೆ ಹೊರಟರೆ ಸುಮಾರು ಇಪ್ಪತ್ತೈದು ಕಿಲೋಮೀಟರಿನಲ್ಲಿ ಶಹಾಬಾದ್. ಆ ಊರಿನ ಹೆಸರು ಹೊತ್ತ ಕಲ್ಲು ಮುಂಬಯಿಯ ಚಾಳುಗಳಲ್ಲಿ, ಪುಣೆಯ ವಾಡೆಗಳಲ್ಲಿ, ಹೈದರಾಬಾದಿನ ದೇವಡಿಗಳಲ್ಲಿ ಕೂತಿದೆ. ಮರಾಠಿಯವರು ‘ಶಹಾಬಾದಿ ಫರಶಿ’ ಎನ್ನುವಾಗ ಅದೊಂದು ಊರಿನ ಹೆಸರೆಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ! ಭೂಗರ್ಭಶಾಸ್ತ್ರಜ್ಞರು ‘ಭೀಮಾ ಶಿಲಾಸಮೂಹ’ವೆಂದು ಕರೆಯುವ ಪದರುಗಳಲ್ಲಿ ಇದೂ ಒಂದು. ಕೋಟ್ಯಂತರ ವರ್ಷಗಳ ಹಿಂದೆ ಈ ಬಿಸಿಲ ನಾಡು ಸಮುದ್ರವಾಗಿದ್ದಾಗ ತಳದಲ್ಲಿ ಸಾವಕಾಶವಾಗಿ ಕೂತ ಸುಣ್ಣದ ಕೆಸರು, ಪದರ ಪದರವಾಗಿ ಗಟ್ಟಿಯಾಗಿ ಕಲ್ಲಾಯಿತು. ಆ ಪದರುಗಳು ಮಟ್ಟಸವಾಗಿ ಮಲಗಿರುವುದೇ ಈ ಕಲ್ಲಿನ ಭಾಗ್ಯ. ಬೇರೆ ಕಲ್ಲನ್ನು ಕೊಯ್ದು ಹಲಗೆ ಮಾಡಬೇಕು. ಇದನ್ನು ಪದರಿನ ಸಂದಿಯಲ್ಲಿ ಉಳಿ ಇಟ್ಟು ಹಾರೆಯಿಂದ ಎಬ್ಬಿಸಿದರೆ ಹಲಗೆಯಾಗಿಯೇ ಏಳುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಬಡವನ ಮನೆಗೂ ಕಲ್ಲಿನ ನೆಲ ದಕ್ಕಿದ್ದು ಈ ಕಾರಣದಿಂದ. 1871ರಲ್ಲಿ ಮುಂಬಯಿಯ ಕಡೆಯ ರೈಲುಹಾದಿ ಈ ಸೀಮೆಯನ್ನು ಹಾಯ್ದು ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು; ಆ ಬಳಿಕ ಭಾರವಾದ ಕಲ್ಲು ದೂರದ ಪೇಟೆಗಳನ್ನು ಮುಟ್ಟುವುದು ಸುಲಭವಾಯಿತು. ಅದೇ ಸುಣ್ಣಶಿಲೆಯನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಶಹಾಬಾದ್, ವಾಡಿ, ಸೇಡಂಗಳಲ್ಲಿ ಎದ್ದವು. ನಾವು ಹೆಮ್ಮೆಪಡುವ ಹೊಸ ಕಾಂಕ್ರೀಟು ಕಟ್ಟಡವೂ ಒಂದು ರೀತಿಯಲ್ಲಿ ಪುಡಿಯಾದ ಫರಸಿಯೇ.

ಈ ಕಲ್ಲಿಗೆ ದೋಷವಿಲ್ಲವೆಂದು ನಾವು ಹೇಳುತ್ತಿಲ್ಲ. ಹುಳಿ ಇದಕ್ಕೆ ಆಗದು. ನಿಂಬೆಯ ರಸ, ಹುಣಿಸೆಯ ನೀರು ಬಿದ್ದಲ್ಲಿ ಹೊಳಪು ಹೋಗಿ ಬಿಳಿಯ ಕಲೆ ಉಳಿಯುತ್ತದೆ. ಕಲೆ ಹೋಗಲೆಂದು ಆಸಿಡ್ ಸುರಿಯುವ ಜಾಣರು ಇಡೀ ನೆಲವನ್ನೇ ಕೆಡಿಸಿಕೊಳ್ಳುತ್ತಾರೆ. ಚಳಿಗಾಲದ ಬೆಳಗಿನಲ್ಲಿ ಮುದುಕರ ಮೊಣಕಾಲಿಗೆ ಅದು ಒಳ್ಳೆಯದೂ ಅಲ್ಲ. ಮೇಲಾಗಿ ಗಣಿಯಲ್ಲಿ ಕಲ್ಲೆಬ್ಬಿಸುವವರ ಬದುಕು ಆ ಕಲ್ಲಿನಷ್ಟು ತಂಪಾಗಿಲ್ಲ. ಎಬ್ಬಿಸಿದ ಕಲ್ಲಿಗೆ ತಕ್ಕ ಕೂಲಿ, ಸುಡುಬಿಸಿಲು, ಕಣ್ಣು ಮೂಗು ತುಂಬುವ ದೂಳು, ಮಳೆಗಾಲದಲ್ಲಿ ನೀರು ತುಂಬಿ ಕೆಲಸ ನಿಂತ ಗುಂಡಿಗಳು. ಅವರ ಪಾಲಿಗೆ ಬಂದಿರುವುದು ಇವು. ಹೊಳಪು ಕೊಡುವ ಕಾರ್ಖಾನೆಗಳ ಬಿಳಿಯ ರಾಡಿ ದಾರಿಯ ಬದಿಯಲ್ಲಿ ದಿಬ್ಬವಾಗುತ್ತದೆ. ಇಷ್ಟರ ಮೇಲೆ ಗುಜರಾತಿನ ಮೋರ್ಬಿಯ ಹೊಳೆಯುವ ಟೈಲುಗಳು ಬಂದು ಫರಸಿಯನ್ನು ಪಡಸಾಲೆಯಿಂದ ಅಡಿಗೆಮನೆಯ ಕಟ್ಟೆಗೆ, ಅಲ್ಲಿಂದ ಬಚ್ಚಲಿಗೆ, ಬಚ್ಚಲಿನಿಂದ ಕಾರು ನಿಲ್ಲಿಸುವ ಅಂಗಳಕ್ಕೆ ದಬ್ಬಿವೆ. ಹೀಗೆ ದಬ್ಬಿಸಿಕೊಂಡದ್ದು ಬರಿಯ ಕಲ್ಲಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಲ್ಲಿ ದುಡಿಯುವ ಕೈಗಳ ಕೆಲಸವೂ ಅದರೊಂದಿಗೆ ಹಿಂದೆ ಸರಿಯುತ್ತದೆ. ಆ ಕೈಗಳಲ್ಲಿ ಕೆಲವು ಮುಂಬಯಿ, ಪುಣೆಗಳಿಗೆ ಹೋಗಿ, ಇನ್ನಾರದೋ ಫ್ಲ್ಯಾಟಿನಲ್ಲಿ ಮರದ ಚಿತ್ರದ ಹಲಗೆಗಳನ್ನು ಜೋಡಿಸುತ್ತಿದ್ದರೆ ಆಶ್ಚರ್ಯವಿಲ್ಲ.

ಈಗ ಬಾಡಿಗೆದಾರನ ಕಡೆ ತಿರುಗೋಣ. ಕಲಬುರಗಿಗೆ ಬಾಡಿಗೆಯ ಮನೆ ಬೇಕಾದವರು ಹೆಚ್ಚುತ್ತ ಬಂದಿರುವುದಕ್ಕೆ ಕಾರಣಗಳು ಎದುರಿಗೇ ಇವೆ. 1980ರಲ್ಲಿ ವಿಶ್ವವಿದ್ಯಾಲಯ ಬಂತು. 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಪೀಠವಾಯಿತು. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಯ ಬಳಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಬಂದವು. ವಕೀಲರು, ಗುಮಾಸ್ತರು, ಅಧ್ಯಾಪಕರು, ವಿದ್ಯಾರ್ಥಿಗಳು, ರೋಗಿಗಳ ಕಡೆಯವರು, ಎಲ್ಲರಿಗೂ ಸೂರು ಬೇಕು. ಆದರೆ ನಮ್ಮ ಮನಸ್ಸಿನಲ್ಲಿರುವುದು ಇವರೆಲ್ಲರಿಗಿಂತ ಸದ್ದಿಲ್ಲದೆ ಬರುವ ಇನ್ನೊಂದು ಬಗೆಯ ಬಾಡಿಗೆದಾರ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಯ ಒಂದು ಒಕ್ಕಲುತನದ ಕುಟುಂಬವನ್ನು ಊಹಿಸಿಕೊಳ್ಳಿ. ಊರಿನಲ್ಲಿ ಹೊಲವಿದೆ, ತೊಗರಿ ಬರುತ್ತದೆ, ಬಾರದ ವರ್ಷವೂ ಇರುತ್ತದೆ. ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ತಾಯಿ ಅವರನ್ನು ಕರೆದುಕೊಂಡು ಕಲಬುರಗಿಗೆ ಬಂದು ಎರಡು ಕೋಣೆಯ ಮನೆ ಹಿಡಿಯುತ್ತಾಳೆ. ತಂದೆ ಊರಿನಲ್ಲಿಯೇ ನಿಂತು ವಾರಕ್ಕೊಮ್ಮೆ ಜೋಳ, ಬೇಳೆ, ಹಾಲು ಹೊತ್ತು ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಒಂದು ಸಂಸಾರಕ್ಕೆ ಎರಡು ಒಲೆ. ಬ್ರಹ್ಮಪುರದಂತಹ ನಡು ಊರಿನ ಬಡಾವಣೆ ಇಂಥವರಿಗೆ ಅನುಕೂಲ: ಪೇಟೆ ಹತ್ತಿರ, ಶಾಲೆ ಕಾಲೇಜು ಹತ್ತಿರ, ಶರಣಬಸವೇಶ್ವರರ ಗುಡಿಗೂ ದೂರವಿಲ್ಲ. ಇಂತಹ ಮನೆಯಲ್ಲಿ ಬೆಳಗಿನ ಆರು ಗಂಟೆಗೆ ರೊಟ್ಟಿ ಬಡಿಯುವ ಸದ್ದು ಏಳುತ್ತದೆ; ಜೋಳದ ಚೀಲ ನೆಲದ ಮೇಲೆ ಎಳೆದಾಡುತ್ತದೆ; ಊರಿನಿಂದ ಬಂದ ನೆಂಟರು ಸಾಲಾಗಿ ಕೂತು ಉಣ್ಣುತ್ತಾರೆ, ಸಾಲಾಗಿ ಮಲಗುತ್ತಾರೆ. ಕಲ್ಲಿನ ನೆಲ ಇದೆಲ್ಲವನ್ನೂ ತಡೆದುಕೊಂಡು ಬಂದಿದೆ. ಗೆರೆ ಬಿದ್ದರೆ ಬೆಲೆ ಕಟ್ಟುವ ನೆಲದ ಮೇಲೆ ಇದೇ ಬದುಕನ್ನು ನಡೆಸಬೇಕಾದ ತಾಯಿ, ಮಕ್ಕಳನ್ನು ಓದಿಸಲು ಬಂದವಳು, ನೆಲವನ್ನು ಕಾಯುವ ಆಳಾಗುತ್ತಾಳೆ.

ಬೆಲೆ ಕಟ್ಟುವ ಪ್ರಸಂಗ ಬರುವುದು ಮನೆ ಬಿಡುವ ದಿನ. ಬರುವಾಗ ಮುಂಗಡ ಕೊಟ್ಟಾಗಿರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆ ಬಹುಕಾಲದಿಂದ ಹೆಸರಾಗಿದೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ, ಕೊಡುವವನ ಆದಾಯಕ್ಕೆ ಹೋಲಿಸಿದರೆ ಸಣ್ಣ ಮೊತ್ತವೇನಲ್ಲ. ಮಾಲಕರು ಕೋಣೆ ಕೋಣೆ ಸುತ್ತಿ ನೋಡುತ್ತಾರೆ. ಗೋಡೆಯ ಬಣ್ಣಕ್ಕೆ ಇಷ್ಟು, ನಲ್ಲಿಗೆ ಇಷ್ಟು, ನೆಲಕ್ಕೆ ಇಷ್ಟು. ಲ್ಯಾಮಿನೇಟಿನಲ್ಲಿ ಒಂದು ಹಲಗೆ ಕೆಟ್ಟರೆ ಅದೇ ಅಚ್ಚಿನ ಹಲಗೆ ಪೇಟೆಯಲ್ಲಿ ಸಿಗದೆ ಹೋಗಬಹುದು; ಆಗ ಇಡೀ ಕೋಣೆಯ ಲೆಕ್ಕ ಹೊರಡುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲವೆಂಬುದನ್ನು ನಮ್ಮ ಓದುಗರ ಗಮನಕ್ಕೆ ತರಬೇಕಾಗಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮಿನ ಪ್ರಕಾರ ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ನ್ಯಾಯವಾದ ಬಳಕೆಯಿಂದ ಆಗುವ ಸವಕಳಿಗೆ ಅವನು ಹೊಣೆಯಲ್ಲ. ನಡೆದಾಡಿದರೆ ನೆಲ ಸವೆಯುತ್ತದೆಂಬುದನ್ನು ಬ್ರಿಟಿಷರ ಕಾಲದ ಶಾಸನಕಾರರೂ ಒಪ್ಪಿದ್ದರು. ಕುರ್ಚಿ ಎಳೆದ ಗೆರೆ, ಮಂಚದ ಕಾಲಿನ ತಗ್ಗು, ಬಿಸಿಲು ಬಿದ್ದು ಮಾಸಿದ ಬಣ್ಣ, ಇವು ಸವಕಳಿಯ ಜಾತಿಗೆ ಸೇರಬೇಕಾದವೆಂದೇ ನಮ್ಮ ಅಭಿಪ್ರಾಯ. ನಲ್ಲಿ ತೆರೆದಿಟ್ಟು ಊರಿಗೆ ಹೋದುದರಿಂದ ಉಬ್ಬಿದ ಹಲಗೆಯ ಮಾತು ಬೇರೆ. ಆದರೆ ಇಲ್ಲೊಂದು ಗಂಟಿದೆ. ಇದೇ ಕಲಮು ಉಭಯತರು ಬೇರೆ ರೀತಿ ಕರಾರು ಮಾಡಿಕೊಳ್ಳದಿದ್ದಾಗ ಮಾತ್ರ ಅನ್ವಯಿಸುವಂಥದು. ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ ತಂದ ಕರಾರಿನ ಮೂರನೆಯ ಪುಟದಲ್ಲಿ, ‘ನೆಲಕ್ಕೆ ಆದ ಯಾವುದೇ ಹಾನಿಗೆ ಬಾಡಿಗೆದಾರರೇ ಹೊಣೆ’ ಎಂಬ ಒಂದು ಸಾಲು ಇದ್ದರೆ 1882ರ ಔದಾರ್ಯ ಆ ಮನೆಯ ಹೊಸ್ತಿಲ ಹೊರಗೇ ನಿಂತುಬಿಡಬಹುದು. ಆ ಪುಟವನ್ನು ಓದದೆ ಸಹಿ ಮಾಡುವವರೇ ಬಹಳ. ಕೆಲವೊಮ್ಮೆ ಅದು ಅವರಿಗೆ ತಿಳಿಯದ ಇಂಗ್ಲಿಷಿನಲ್ಲಿ ಇರುತ್ತದೆಂಬುದು ಮತ್ತೊಂದು ದುರ್ದೈವ.

ಕರಾರುಗಳು ಹನ್ನೊಂದೇ ತಿಂಗಳಿಗೆ ಇರುವುದೇಕೆಂದು ಅನೇಕರು ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆಯ ಪತ್ರವನ್ನು ನೋಂದಾಯಿಸಲೇಬೇಕೆಂದು ಕಾನೂನಿದೆ. ಆ ಖರ್ಚು, ತಿರುಗಾಟ ತಪ್ಪಲೆಂದು ಒಂದು ತಿಂಗಳು ಕತ್ತರಿಸಿದ್ದಾರೆ. ಅದರ ಫಲವಾಗಿ ಪ್ರತಿ ವರ್ಷವೂ ಬಾಡಿಗೆದಾರನು ಹೊಸಬನಾಗುತ್ತಾನೆ, ಪ್ರತಿ ವರ್ಷವೂ ಬಾಡಿಗೆ ಏರುತ್ತದೆ. ಒಂದು ಕಾಲದಲ್ಲಿ ಇದಕ್ಕೆ ಲಗಾಮಿತ್ತು. ಈ ಭಾಗ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಾಗ 1954ರಲ್ಲಿ ಬಾಡಿಗೆ ನಿಯಂತ್ರಣದ ಶಾಸನವಾಯಿತು. ಏಕೀಕರಣದ ನಂತರ 1961ರಲ್ಲಿ ಮೈಸೂರು ರಾಜ್ಯದ ಶಾಸನ ಬಂತು. ಆ ಲಗಾಮು ಬಿಗಿಯಾಗಿ ಮಾಲಕರಿಗೆ ಅನ್ಯಾಯವಾದ ದೃಷ್ಟಾಂತಗಳೂ ಇವೆ. ನೂರಾರು ರೂಪಾಯಿ ಬರಬೇಕಾದಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ತಲೆಮಾರುಗಟ್ಟಲೆ ಕೂತವರಿದ್ದರು. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಅದನ್ನು ಸರಿಪಡಿಸಲು ಹೋಗಿ ಇನ್ನೊಂದು ತುದಿಗೆ ವಾಲಿತು. ತಿಂಗಳಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಮೊತ್ತಕ್ಕೆ ನಗರದಲ್ಲಿ ಒಂದು ಒಳ್ಳೆಯ ಕೋಣೆ ಸಿಗುವುದೂ ದುರ್ಲಭ. 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಕೂಡದೆಂದೂ, ಗೋಡೆಗೆ ಸುಣ್ಣ ಬಣ್ಣ ಮಾಡಿಸುವುದು ಮಾಲಕರ ಭಾರವೆಂದೂ ಹೇಳಿದೆ. ಒಳ್ಳೆಯ ಮಾತುಗಳೇ. ಆದರೆ ಮಾದರಿ ಎಂದರೆ ಮಾದರಿ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಂಡ ಹೊರತು ಬಾಡಿಗೆದಾರನ ಕೈಗೆ ಅದು ಬರುವುದಿಲ್ಲ.

ಇವೆಲ್ಲ ಮನೆ ಸಿಕ್ಕವರ ಕಷ್ಟ. ಮನೆಯೇ ಸಿಗದವರ ಮಾತನ್ನು ಆಡದೆ ಈ ಲೇಖನವನ್ನು ಮುಂದುವರಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ನೆಲ ತೋರಿಸುವ ಮೊದಲು, ಬಾಡಿಗೆ ಹೇಳುವ ಮೊದಲು, ನೀರು ಕುಡಿಯಿರೆಂದು ಉಪಚರಿಸುತ್ತಲೇ ಮೆಲ್ಲಗೆ ಬರುವ ಪ್ರಶ್ನೆಯೊಂದಿದೆ: “ನೀವು ಯಾರ ಪೈಕಿರಿ?” ಇದಕ್ಕೆ ಉತ್ತರ ಕೇಳಿ, “ನಮ್ಮ ಅಣ್ಣಾರನ್ನ ಕೇಳಿ ಹೇಳ್ತೀವ್ರಿ” ಎಂದರೆ ಮನೆ ಸಿಗುವುದಿಲ್ಲವೆಂದೇ ಅರ್ಥ. ಕೇಳುವವರು ಒರಟರಲ್ಲ, ಅನೇಕರು ಸಭ್ಯರು, ದಾನಿಗಳು, ಜಾತ್ರೆಯಲ್ಲಿ ಸಾವಿರ ಜನರಿಗೆ ಊಟ ಹಾಕಿಸುವವರು. ಊಟಕ್ಕೆ ಕೂರಿಸುವಾಗ ಕೇಳದ ಪ್ರಶ್ನೆಯನ್ನು ಬಾಡಿಗೆಗೆ ಇಡುವಾಗ ಕೇಳುತ್ತಾರೆ. ದಾಸೋಹದ ಹೆಸರು ಹೇಳಿ ಬದುಕುವ ಈ ಊರಿನಲ್ಲಿ, ಸೂಫಿ ಸಂತ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ಸಕ್ಕರೆ ಒಯ್ಯುವ ಈ ಊರಿನಲ್ಲಿ, ಹಿಂದೂ ಓಣಿಯಲ್ಲಿ ಮುಸಲ್ಮಾನ ಗುಮಾಸ್ತನಿಗೂ, ಮೇಲಿನವರೆನ್ನಿಸಿಕೊಂಡವರ ಓಣಿಯಲ್ಲಿ ದಲಿತ ಅಧ್ಯಾಪಕನಿಗೂ ಮನೆ ಸಿಗುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು. ಮಾಂಸದ ಅಡಿಗೆಯ ವಾಸನೆ ಕಾರಣವೆನ್ನುತ್ತಾರೆ. ವಾಸನೆಗೆ ಕಿಟಕಿಯಿದೆ.

ಕಾನೂನು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಅಸ್ಪೃಶ್ಯತೆಯ ಕಾರಣದಿಂದ ಒಬ್ಬರ ವಾಸಕ್ಕೆ ಅಡ್ಡಿಮಾಡುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಅಧಿನಿಯಮದ ಪ್ರಕಾರ ಅಪರಾಧ. ಆದರೆ ಬಾಯಿಬಿಟ್ಟು ಕಾರಣ ಹೇಳುವ ಮಾಲಕ ಯಾವ ಊರಿನಲ್ಲಿಯೂ ಇಲ್ಲ. ಹೇಳದ ಕಾರಣವನ್ನು ನ್ಯಾಯಾಲಯದಲ್ಲಿ ತೋರಿಸಿಕೊಡುವುದು ಬಾಡಿಗೆದಾರನಿಗೆ ಸಾಧ್ಯವಾಗುವುದಿಲ್ಲ. ಮತದ ಕಾರಣಕ್ಕೆ ಖಾಸಗಿ ಮಾಲಕನೊಬ್ಬ ಮನೆ ಕೊಡದಿದ್ದರೆ ಅವನನ್ನು ಹಿಡಿದು ಕೇಳುವ ಸ್ಪಷ್ಟ ಶಾಸನ ನಮ್ಮಲ್ಲಿ ಇಲ್ಲ. ಅಹಮದಾಬಾದಿನ ಪಾರ್ಸಿ ಗೃಹಸಂಘವೊಂದರ ಪ್ರಕರಣದಲ್ಲಿ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವವೆಂಬ ಸಂಘದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದರ ರಕ್ಷಣೆಗೆ ಆ ತೀರ್ಪು ಅನುಕೂಲವಾಗಿರಬಹುದು. ದೊಡ್ಡ ಸಮುದಾಯಗಳು ಅದರ ನೆರಳಿನಲ್ಲಿ ಬಾಗಿಲು ಹಾಕಿಕೊಳ್ಳಬಾರದಷ್ಟೆ.

ಮಾಲಕರ ಪಕ್ಷವನ್ನೂ ಹೇಳಬೇಕು. ಬಾಡಿಗೆಗೆ ಮನೆ ಕೊಡುವವರೆಲ್ಲ ಕುಬೇರರಲ್ಲ. ನಿವೃತ್ತಿಯ ಹಣವನ್ನೆಲ್ಲ ಒಂದು ಫ್ಲ್ಯಾಟಿಗೆ ಸುರಿದು ಅದರ ಬಾಡಿಗೆಯಿಂದ ಔಷಧಿಯ ಖರ್ಚು ತೂಗಿಸುವ ವೃದ್ಧ ದಂಪತಿಗಳಿದ್ದಾರೆ. ಗಂಡ ತೀರಿಕೊಂಡ ಮೇಲೆ ಮೇಲಿನ ಮಹಡಿಯ ಬಾಡಿಗೆಯೇ ಆಧಾರವಾದ ತಾಯಂದಿರಿದ್ದಾರೆ. ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿ, ವಿದ್ಯುತ್ತಿನ ಬಿಲ್ಲನ್ನೂ ಕೊಡದೆ ರಾತ್ರೋರಾತ್ರಿ ಗಂಟು ಕಟ್ಟಿದ ಬಾಡಿಗೆದಾರರು ಅವರನ್ನು ಕಾಡಿದ್ದೂ ಉಂಟು. ಇಂಥವರಿಗೆ ಕಟ್ಟಡ ಕಟ್ಟುವವನು, ‘ಮರದ ನೆಲ ಹಾಕಿಸಿದರೆ ಬಾಡಿಗೆ ಹೆಚ್ಚು ಬರುತ್ತದೆ’ ಎಂದು ಹೇಳಿರುತ್ತಾನೆ. ಹಾಕಿಸಿದ ಮೇಲೆ ಅದನ್ನು ಕಾಯುವ ಚಿಂತೆ ಅವರದು, ಕಟ್ಟಿದವನದಲ್ಲ. ಹೆಚ್ಚು ಬಂದ ಬಾಡಿಗೆ ನಾಲ್ಕೈದು ವರ್ಷಕ್ಕೊಮ್ಮೆ ಉಬ್ಬಿದ ಹಲಗೆ ಕಿತ್ತು ಹೊಸದು ಹಾಸುವುದಕ್ಕೆ ಹೋದರೆ ಉಳಿಯುವುದೇನು? ಅದೇ ಕೋಣೆಗೆ ನಯಮಾಡಿದ ಶಹಾಬಾದ್ ಕಲ್ಲು ಹಾಸಿದ್ದರೆ ಬಾಡಿಗೆದಾರರು ಎಷ್ಟು ಬದಲಾದರೂ, ಸವೆದಲ್ಲಿ ಮತ್ತೊಮ್ಮೆ ಪಾಲಿಶ್ ಮಾಡಿಸಿದರೆ ಮುಗಿಯುತ್ತಿತ್ತು.

ಮರವನ್ನು ನಾವು ದ್ವೇಷಿಸುವವರಲ್ಲ. ಆಟದ ಮೈದಾನದ ಒಳಾಂಗಣಕ್ಕೆ ಮೇಪಲ್ಲೋ ತೇಗವೋ ಬೇಕೇ ಬೇಕು. ಬ್ಯಾಡ್ಮಿಂಟನ್ ಆಡುವ ಹುಡುಗರ ಮೊಣಕಾಲನ್ನು ಕಲ್ಲು ಉಳಿಸಲಾರದು. ಮಲೆನಾಡಿನ ಮನೆಯಲ್ಲಿ ಅಟ್ಟದ ಹಲಗೆ ಸಹಜ, ಏಕೆಂದರೆ ಅಲ್ಲಿ ಮರ ಹಿತ್ತಲಿನದು. ಪರದೇಶದಲ್ಲಿ ನೆಲೆಸಿದ ನಮ್ಮ ಮಕ್ಕಳು ಓಕಿನ ನೆಲದ ಮೇಲೆ ಕಾಲುಚೀಲ ಹಾಕಿ ನಡೆಯುತ್ತಿದ್ದರೆ ಅದು ಆ ದೇಶದ ಹವೆಗೆ ತಕ್ಕ ನಡೆ. ಅವರು ರಜೆಗೆ ಬಂದಾಗ ಮನೆ ಆಧುನಿಕವಾಗಿ ತೋರಲೆಂದು ಇಲ್ಲಿ ಅದರ ಚಿತ್ರವನ್ನು ಹಾಸುವುದು ಮಾತ್ರ ನಮಗೆ ಅರ್ಥವಾಗದ ಸಂಗತಿ. ಅವರಾದರೂ ಬಂದೊಡನೆ ಅರಸುವುದು ಅಜ್ಜಿಯ ಮನೆಯ ತಣ್ಣನೆಯ ಫರಸಿಯನ್ನಲ್ಲವೆ?

ಮಕ್ಕಳ ಪರೀಕ್ಷೆ ಮುಗಿದು ಶಾಲೆಗಳು ಮತ್ತೆ ತೆರೆಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಊರಿನಲ್ಲಿ ಮನೆ ಬದಲಿಸುವ ಗದ್ದಲ ನಡೆಯುತ್ತದೆ. ಆ ಗದ್ದಲದಲ್ಲಿ ಬಾಡಿಗೆದಾರರು ಎರಡು ಕೆಲಸಗಳನ್ನು ತಪ್ಪದೆ ಮಾಡಬೇಕೆಂದು ನಮ್ಮ ಸೂಚನೆ. ಬೀಗದ ಕೈ ತೆಗೆದುಕೊಳ್ಳುವ ಮುನ್ನ ಹಗಲಿನ ಬೆಳಕಿನಲ್ಲಿ ಪ್ರತಿ ಕೋಣೆಯ ನೆಲದ ಫೋಟೋ ತೆಗೆದು ಮಾಲಕರ ಫೋನಿಗೂ ಕಳಿಸಿಡಿ. ಮೊದಲೇ ಇದ್ದ ಗೆರೆಗೆ ನೀವು ದಂಡ ತೆರಬೇಕಾಗಿಲ್ಲ. ಕರಾರಿನಲ್ಲಿ ‘ಸಾಧಾರಣ ಸವಕಳಿಯನ್ನು ಬಿಟ್ಟು’ ಎಂಬ ಮೂರು ಪದಗಳನ್ನು ಬರೆಸಿರಿ. ಕರಾರನ್ನು ಕನ್ನಡದಲ್ಲಿಯೇ ಬರೆಸಿರಿ. ಮಾಲಕರಿಗೂ ಇದರಿಂದ ನಷ್ಟವಿಲ್ಲ, ಬಿಡುವ ದಿನದ ಜಗಳವೊಂದು ತಪ್ಪುತ್ತದೆ.

ಇನ್ನು ಕಟ್ಟುವವರಿಗೆ ಒಂದು ಮಾತು. ನಗರದಲ್ಲಿ ಹೊಸ ಕಟ್ಟಡಗಳ ನಕ್ಷೆ ಎಳೆಯುವ ಎಂಜಿನಿಯರರು, ಬಾಡಿಗೆಗೆಂದೇ ಕಟ್ಟುವ ಮನೆಗಳಲ್ಲಾದರೂ ಮಲಗುವ ಕೋಣೆಗೆ ಈ ಜಿಲ್ಲೆಯ ಕಲ್ಲನ್ನು ಸೂಚಿಸಲಿ. ಮಹಾನಗರ ಪಾಲಿಕೆ ತಾನು ಕಟ್ಟಿಸುವ ವಸತಿಗೃಹಗಳಲ್ಲಿ ಅದನ್ನು ಹಾಸಿ ತೋರಿಸಲಿ. ಶಹಾಬಾದಿನಿಂದ ಒಂದು ಲಾರಿ ಫರಸಿ ಬ್ರಹ್ಮಪುರಕ್ಕೆ ಬರಲು ಒಂದು ತಾಸಿನ ದಾರಿ.